ಹುದ್ದೆ ನನ್ನದು, ಹೊಣೆ ಯಾರದು?

ಪ್ರಯೋಗಶಾಲೆಯಲ್ಲಿ ಬೀಕರ್ ಒಡೆದಾಗ ಮಕ್ಕಳು ಹೇಳುವ ಮಾತು ಸಾಮಾನ್ಯವಾಗಿ ಒಂದೇ: ‘ಒಡೆದುಹೋಯ್ತು ಸಾರ್’. ‘ನಾನು ಒಡೆದೆ ಸಾರ್’ ಎನ್ನುವ ಹುಡುಗ ಅಪರೂಪ. ಬೀಕರ್ ತಾನಾಗಿಯೇ ಮೇಜಿನಿಂದ ಕೆಳಗೆ ಹಾರಿತೇನೋ ಎನ್ನಬೇಕು! ನಗು ಬರುತ್ತದೆ ನಿಜ. ಆದರೆ ಬೀಕರಿನ ಬದಲು ಒಂದು ನಗರವೇ ಒಡೆದುಹೋದರೆ?

ವಿದ್ಯಾರ್ಥಿಗಳೇ, ಈ ವಾರ ಅಂಥ ಒಂದು ಕಥೆ. ಜಪಾನಿನ ರಾಜಕುಮಾರ ಅಸಾಕಾ ಯಾಸುಹಿಕೊ ಹುಟ್ಟಿದ್ದು 1887ರಲ್ಲಿ. ಚಕ್ರವರ್ತಿ ಮೈಜಿಯ ಮಗಳು ನೊಬುಕೊಳನ್ನು ಮದುವೆಯಾದ. ಮೈಜಿಯ ಮೊಮ್ಮಗನೇ ಮುಂದೆ ಚಕ್ರವರ್ತಿಯಾದ ಹಿರೊಹಿಟೊ. ಅಂದರೆ ನಮ್ಮ ಲೆಕ್ಕದಲ್ಲಿ ಅಸಾಕಾ ಆತನಿಗೆ ಸೋದರತ್ತೆಯ ಗಂಡ, ಮಾವ.

ಸೇನಾ ವಿದ್ಯಾಭ್ಯಾಸಕ್ಕೆಂದು ಅಸಾಕಾ ಫ್ರಾನ್ಸಿಗೆ ಹೋದ. 1923ರಲ್ಲಿ ಅಲ್ಲಿ ನಡೆದ ಕಾರು ಅಪಘಾತದಲ್ಲಿ ಜೊತೆಗಿದ್ದ ಇನ್ನೊಬ್ಬ ರಾಜಕುಮಾರ ಸತ್ತ. ಅಸಾಕಾ ಗಾಯಗೊಂಡು ಉಳಿದ. ಆರೈಕೆಗೆಂದು ಹೆಂಡತಿಯೂ ಬಂದಳು. ಅಲ್ಲಿಯ ಕಲೆಗೆ ದಂಪತಿಗಳು ಮನಸೋತರು. 1933ರಲ್ಲಿ ಟೋಕಿಯೋದಲ್ಲಿ ಅವರು ಕಟ್ಟಿಸಿದ ಮನೆಯ ಬಾಗಿಲಿನ ಗಾಜಿನ ಕೆಲಸ ಪ್ರಸಿದ್ಧ ಫ್ರೆಂಚ್ ಕಲಾವಿದ ಲಾಲಿಕ್‌ನದು. 1983ರಿಂದ ಆ ಮನೆ ಕಲಾ ಸಂಗ್ರಹಾಲಯವಾಗಿದೆ. ಓದು, ಅಭಿರುಚಿ, ಅಂತಸ್ತು, ಯಾವುದಕ್ಕೂ ಕೊರತೆ ಇರಲಿಲ್ಲ ಎಂಬುದನ್ನು ಗಮನಿಸಿ.

1937ರ ಡಿಸೆಂಬರ್. ಜಪಾನೀ ಸೇನೆ ಚೀನಾದ ಅಂದಿನ ರಾಜಧಾನಿ ನಾನ್‌ಜಿಂಗ್ ಕಡೆಗೆ ನುಗ್ಗುತ್ತಿತ್ತು. ಜನರಲ್ ಮಾತ್ಸುಯಿ ಇವಾನೆ ಒಟ್ಟು ದಂಡಿನ ಮುಖ್ಯಸ್ಥ. ಆತನ ಕೈಕೆಳಗೆ ಶಾಂಘೈ ದಂಡಿನ ಸೇನಾಪತಿಯಾಗಿ ಅಸಾಕಾ ನೇಮಕಗೊಂಡ. ಡಿಸೆಂಬರ್ 13ರಂದು ನಗರ ಬಿತ್ತು. ಮುಂದಿನ ಕೆಲವು ವಾರ ನಡೆದದ್ದು ಯುದ್ಧವಲ್ಲ, ಕಗ್ಗೊಲೆ. ಶರಣಾದ ಸೈನಿಕರನ್ನೂ ನಾಗರಿಕರನ್ನೂ ಕೊಂದರು. ಹೆಂಗಸರ ಮೇಲೆ ಅತ್ಯಾಚಾರ ನಡೆಸಿದರು. ಸತ್ತವರ ಸಂಖ್ಯೆ ಎರಡು ಲಕ್ಷಕ್ಕೂ ಹೆಚ್ಚು ಎಂದು ಯುದ್ಧಾನಂತರದ ಟೋಕಿಯೋ ನ್ಯಾಯಮಂಡಳಿ ಹೇಳಿತು.

ಸೆರೆಯಾಳುಗಳನ್ನು ಕೊಲ್ಲುವ ಆಜ್ಞೆ ಅಸಾಕಾನದೇ, ಕೈಕೆಳಗಿನ ಅಧಿಕಾರಿಯದೇ ಎಂಬ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಆದರೆ ನಗರಕ್ಕೆ ನುಗ್ಗಿದ ಪಡೆಗಳಲ್ಲಿ ಆತನ ದಂಡು ಇತ್ತೆಂಬುದರಲ್ಲಿ ಅನುಮಾನವಿಲ್ಲ. 1946ರಲ್ಲಿ ವಿಚಾರಿಸಿದಾಗ, ಕಗ್ಗೊಲೆಯ ವಿಷಯ ತನಗೆ ತಿಳಿದಿರಲಿಲ್ಲ ಎಂದ. ‘ಒಡೆದುಹೋಯ್ತು ಸಾರ್’ ಎಂದಂತೆಯೇ!

ಮಾತ್ಸುಯಿಗೆ 1948ರಲ್ಲಿ ಗಲ್ಲಾಯಿತು. ಆತನ ಮೇಲೆ ಸಾಬೀತಾದ ಅಪರಾಧ ಯಾವುದು ಗೊತ್ತೇ? ತಡೆಯುವ ಅಧಿಕಾರವಿದ್ದೂ ತಡೆಯಲಿಲ್ಲ ಎಂಬುದು. ಅದೇ ಅಳತೆಗೋಲನ್ನು ಅಸಾಕಾನಿಗೆ ಹಿಡಿಯಲೇ ಇಲ್ಲ. ಚಕ್ರವರ್ತಿಯನ್ನು ಉಳಿಸಿಕೊಂಡೇ ಜಪಾನನ್ನು ಆಳಬೇಕೆಂದು ಅಮೆರಿಕನ್ನರು ನಿರ್ಧರಿಸಿದ್ದರಿಂದ ರಾಜಮನೆತನದವರ ಮೇಲೆ ಮೊಕದ್ದಮೆ ಹೂಡಲಿಲ್ಲ. 1947ರಲ್ಲಿ ರಾಜಕುಮಾರನೆಂಬ ಬಿರುದು ಹೋಯಿತು, ಅಷ್ಟೇ. ಮುಂದೆ ಗಾಲ್ಫ್ ಆಡಿಕೊಂಡು, 1981ರಲ್ಲಿ 93ನೇ ವಯಸ್ಸಿನಲ್ಲಿ ತೀರಿಕೊಂಡ.

ಅದೇ ಮನೆತನದಲ್ಲಿ ಇನ್ನೊಬ್ಬನಿದ್ದ, ಹಿರೊಹಿಟೊನ ಕಿರಿಯ ತಮ್ಮ ಮಿಕಾಸಾ. 1943ರಲ್ಲಿ ಅದೇ ನಾನ್‌ಜಿಂಗ್‌ನಲ್ಲಿ ಸೇನಾಧಿಕಾರಿಯಾಗಿದ್ದ. ಚೀನಾದಲ್ಲಿ ತನ್ನ ಸೇನೆಯ ನಡತೆಯನ್ನು ಅಧಿಕಾರಿಗಳ ಎದುರಿಗೇ ಟೀಕಿಸಿದ. ಆ ಭಾಷಣದ ಪ್ರತಿಗಳನ್ನು ನಾಶಪಡಿಸಲಾಯಿತು. ಆದರೂ ಒಂದು ಪ್ರತಿ ಉಳಿದು 1994ರಲ್ಲಿ ಬೆಳಕಿಗೆ ಬಂತು. ಯುದ್ಧದ ನಂತರ ಆತ ಪ್ರಾಚೀನ ಪಶ್ಚಿಮ ಏಷ್ಯಾದ ಇತಿಹಾಸ ಓದಿ ವಿದ್ವಾಂಸನಾದ. 2016ರಲ್ಲಿ ನೂರು ವರ್ಷ ತುಂಬಿಸಿ ತೀರಿಕೊಂಡ. ಮಿಕಾಸಾ ಯುದ್ಧವನ್ನು ನಿಲ್ಲಿಸಲಿಲ್ಲ, ನಿಜ. ಆದರೆ ಕಂಡದ್ದನ್ನು ಕಾಣಲಿಲ್ಲ ಎನ್ನಲಿಲ್ಲ.

ಪಾಲಕರಿಗೊಂದು ಮಾತು. ಹಿಂದೆಲ್ಲ ಬೀಕರ್ ಒಡೆದವನನ್ನು ನಾನು ಎಲ್ಲರೆದುರು ಗದರುತ್ತಿದ್ದೆ. ‘ಒಡೆದುಹೋಯ್ತು’ ಎನ್ನುವುದನ್ನು ಮಕ್ಕಳಿಗೆ ಕಲಿಸಿದವನು ನಾನೇ ಎಂದು ಹೊಳೆಯಲು ಎಷ್ಟೋ ವರ್ಷ ಬೇಕಾಯಿತು. ಈಗ ‘ನಾನು ಒಡೆದೆ’ ಎಂದವನಿಗೆ ಮೊದಲು ‘ಕೈಗೆ ಗಾಜು ತಗುಲಿತೇನಪ್ಪಾ?’ ಎಂದು ಕೇಳುತ್ತೇನೆ. ಆಮೇಲೆ ಪೊರಕೆ ಕೊಡುತ್ತೇನೆ. ಚೂರುಗಳನ್ನು ಅವನೇ ಗುಡಿಸಬೇಕು. ಅದರಲ್ಲಿ ರಿಯಾಯಿತಿ ಇಲ್ಲ.