ನಂಬಿ ನುಂಗಿದ ಗುಳಿಗೆ

ರಾಯಚೂರಿನಿಂದ ಹೈದರಾಬಾದಿನ ಹೆದ್ದಾರಿ ಹಿಡಿದು ಹೊರಟವರಿಗೆ ಕೃಷ್ಣೆಯ ಸೇತುವೆ ಸಿಗುವ ಮುನ್ನವೇ ಮುಗಿಲಿಗೆ ಮೊಗವೆತ್ತಿ ನಿಂತ ಹೊಗೆಗೊಳವೆಗಳು ಕಾಣಿಸುತ್ತವೆ. ಅದೇ ಶಕ್ತಿನಗರ. 1985ರಲ್ಲಿ ಮೊದಲ ಘಟಕ ಉರಿಯತೊಡಗಿದಂದಿನಿಂದ ನಾಡಿನ ಮನೆಮನೆಯ ದೀಪಕ್ಕೆ ವಿದ್ಯುಚ್ಛಕ್ತಿಯನ್ನು ಕಳುಹಿಸುತ್ತಿರುವ ಊರು. ಅಲ್ಲಿಯ ವಸತಿಗೃಹವೊಂದರಲ್ಲಿ ನನ್ನ ತಂಗಿಯ ಸಂಸಾರ. ಮೊನ್ನೆ ಅಲ್ಲಿಗೆ ಹೋಗಿದ್ದಾಗ ನನಗೆ ಇನ್ನೊಂದು ಬಗೆಯ ಶಕ್ತಿಯ ಪರಿಚಯವಾಯಿತು.

ಸೋದರಳಿಯನಿಗೆ ಈಗ ಹದಿನೇಳು ವರ್ಷ. ಸೈಕಲ್ ಪಂದ್ಯವೆಂದರೆ ಪ್ರಾಣ. ವಿಜಯಪುರ, ಬಾಗಲಕೋಟೆಯ ಕಡೆಯ ಹುಡುಗ ಹುಡುಗಿಯರು ಈ ಆಟದಲ್ಲಿ ಹೆಸರು ಗಳಿಸಿರುವಾಗ ರಾಯಚೂರಿನವರೇಕೆ ಗಳಿಸಬಾರದೆಂಬುದು ಅವನ ಹಟ. ಅಂದು ಬೆಳಗಿನ ಸವಾರಿ ಮುಗಿಸಿ ಬಂದವನೇ ಡಬ್ಬಿಯೊಂದರಿಂದ ಎರಡು ಚಮಚ ಬಿಳಿಯ ಪುಡಿ ತೆಗೆದು ಹಾಲಿಗೆ ಹಾಕಿ ಕಲಕತೊಡಗಿದ. ಡಬ್ಬಿಯ ಮೇಲೆ ಹೆಸರಿನ ಚೀಟಿಯೇ ಇರಲಿಲ್ಲ.

“ಏನಪ್ಪಾ ಅದು?” ಎಂದೆ.

“ಶಕ್ತಿಪುಡಿ, ಮಾಮಾ. ನಮ್ಮ ಜೋಡಿ ಸೈಕಲ್ ಹೊಡಿಯೋ ಅಣ್ಣ ಒಬ್ಬಾಂವ ಕೊಟ್ಟಾನ. ಅಂವನೂ ಕುಡೀತಾನ.”

ಒಳಗಿನಿಂದ ಬಂದ ತಂಗಿ, “ಅಣ್ಣಾ, ಇದನ್ನ ಕುಡಿದರ ಮೈಗೆ ಏನೂ ಆಗಂಗಿಲ್ಲ ಹೌದಲ್ಲೊ?” ಎಂದು ಕೇಳಿದಳು.

ಮೈಯ ಮಾತನ್ನು ವೈದ್ಯರು ಹೇಳಬೇಕು. ಆದರೆ ಹುಡುಗನು ಪಂದ್ಯಕ್ಕಿಳಿಯುವ ಹಕ್ಕಿಗೇ ಈ ಡಬ್ಬಿ ಕುತ್ತಾಗಬಹುದೆಂದು ನಾನು ಹೇಳಿದಾಗ ತಾಯಿ ಮಗ ಇಬ್ಬರೂ ಬೆರಗಾಗಿ ನನ್ನ ಮುಖ ನೋಡಿದರು. ಅಂದು ಅವರಿಗೆ ಹೇಳಿದುದನ್ನೇ ವಾಚಕರ ಮುಂದೂ ಇಡುತ್ತಿದ್ದೇನೆ. ಏಕೆಂದರೆ ಇಂಥ ಡಬ್ಬಿ ಇಂದು ಯಾರ ಮನೆಯ ಕಪಾಟಿನಲ್ಲಾದರೂ ಇದ್ದೀತು.

ಅಳಿಯನ ಕನಸಿನ ಅಂಗಳದ ಹೆಸರು ವೆಲೊಡ್ರೋಮ್. ಬಾಣಲೆಯಂತೆ ಅಂಚು ಮೇಲೆದ್ದ, ಸಾಮಾನ್ಯವಾಗಿ 250 ಮೀಟರ್ ಸುತ್ತಳತೆಯ ಓಟದ ಪಥ. ಅಲ್ಲಿ ಓಡುವ ಸೈಕಲ್ಲಿಗೆ ಬ್ರೇಕಿಲ್ಲ. ಚಕ್ರ ತಿರುಗುವಷ್ಟು ಹೊತ್ತೂ ಪೆಡಲು ತಿರುಗುತ್ತಲೇ ಇರಬೇಕು. ಅಲ್ಲಿ ಇಳಿಯಲು ಕಾಲಿನ ಬಲವೊಂದೇ ಸಾಲದು, ನೆತ್ತರೂ ಸಾಕ್ಷಿ ಹೇಳಬೇಕು.

2008ರ ಮಾರ್ಚ್ ತಿಂಗಳಿನಲ್ಲಿ ಮ್ಯಾಂಚೆಸ್ಟರಿನಲ್ಲಿ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು. ಬ್ರಿಟನ್ನಿನ ರಾಬ್ ಹೇಲ್ಸ್ ತನ್ನ ದೇಶದ ಜನರೆದುರು ಓಡಲು ಸಿದ್ಧನಾಗಿದ್ದ. ಮುಂಚಿತವಾಗಿ ನಡೆದ ರಕ್ತಪರೀಕ್ಷೆಯಲ್ಲಿ ಕೆಂಪು ಕಣಗಳ ಪ್ರಮಾಣವು ನೂರಕ್ಕೆ 50ರ ಮಿತಿಯನ್ನು ತುಸುವೇ ಮೀರಿತ್ತು. ರಕ್ತದ ಕೆಂಪು ಕಣಗಳನ್ನು ಹೆಚ್ಚಿಸುವ ಔಷಧಗಳ ಹಾವಳಿಗೆ ತಡೆಯಾಗಿ ಅಂತರರಾಷ್ಟ್ರೀಯ ಸೈಕಲ್ ಸಂಘವು 1997ರಲ್ಲಿ ವಿಧಿಸಿದ್ದ ಮಿತಿ ಅದು. ಹದಿನಾಲ್ಕು ದಿನ ಪಂದ್ಯಕ್ಕೆ ಇಳಿಯಕೂಡದೆಂದು ಅಪ್ಪಣೆಯಾಯಿತು. ಮುಂದಿನ ಪರೀಕ್ಷೆಗಳಲ್ಲಿ ಆತ ನಿರ್ದೋಷಿಯೆಂದು ತೀರ್ಮಾನವಾಯಿತು. ಆದರೇನು? ಅಷ್ಟರೊಳಗೆ ಪಂದ್ಯಗಳೇ ಮುಗಿದಿದ್ದವು.

ಇನ್ನೊಬ್ಬಾಕೆ ಕೊಲಂಬಿಯಾದ ಮರಿಯಾ ಲೂಯಿಸಾ ಕಾಯೆ. 2004ರ ಅಥೆನ್ಸ್ ಒಲಿಂಪಿಕ್ಸಿನ ಪಾಯಿಂಟ್ಸ್ ಓಟದಲ್ಲಿ ಕಂಚಿನ ಪದಕ ಗೆದ್ದಳು. ಪರೀಕ್ಷೆಯಲ್ಲಿ ಹೆಪ್ಟಮಿನಾಲ್ ಎಂಬ ನಿಷಿದ್ಧ ವಸ್ತು ಕಂಡಿತೆಂದು ಪದಕವನ್ನು ಕಿತ್ತು, ನಾಲ್ಕನೆಯವಳಾಗಿದ್ದ ಅಮೆರಿಕದ ಎರಿನ್ ಮಿರಾಬೆಲ್ಲಾಳಿಗೆ ಕೊಟ್ಟರು. ಕಾಯೆ ನುಂಗಿದ್ದುದು ತಲೆನೋವಿನ ಗುಳಿಗೆ! ಅದರೊಳಗಿನ ವಸ್ತುವೊಂದು ಪರೀಕ್ಷೆಯ ವೇಳೆಯಲ್ಲಿ ಹೆಪ್ಟಮಿನಾಲ್ ಆಗಿ ಮಾರ್ಪಡಬಲ್ಲದೆಂದು ಆಕೆ ವಾದಿಸಿದಳು. 2005ರಲ್ಲಿ ಕ್ರೀಡಾ ನ್ಯಾಯಮಂಡಳಿಯು ಆಕೆಯ ಪದಕವನ್ನು ಮರಳಿಸಿತು. ಕೈಗೆ ಬಂದ ಪದಕವನ್ನು ಹಿಂದಿರುಗಿಸಬೇಕಾದ ಮಿರಾಬೆಲ್ಲಾಳ ಮನಸ್ಸು ಹೇಗಿದ್ದೀತೆಂಬುದನ್ನೂ ನಾವು ಯೋಚಿಸಬೇಕು.

“ಅದೆಲ್ಲಾ ಹೊರದೇಶದ ಮಾತಾತು,” ಎಂದಳು ತಂಗಿ.

ದೇಶ ದೂರವಲ್ಲ. ಉಡುಪಿ ಜಿಲ್ಲೆಯ ಸಿದ್ದಾಪುರದ ಅಶ್ವಿನಿ ಅಕ್ಕುಂಜಿ ನಮ್ಮವಳೇ. 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದ ರಿಲೇ ಓಟದಲ್ಲಿ ಚಿನ್ನ. ಅದೇ ವರ್ಷ ಗ್ವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ರಿಲೇ ಹಾಗೂ 400 ಮೀಟರ್ ಹರ್ಡಲ್ಸ್ ಎರಡರಲ್ಲೂ ಚಿನ್ನ. ಕನ್ನಡನಾಡು ಹಿಗ್ಗಿತು. 2011ರ ಪರೀಕ್ಷೆಯಲ್ಲಿ ಆಕೆಯೂ ಇನ್ನು ಕೆಲವು ಓಟಗಾರ್ತಿಯರೂ ಸ್ಟೀರಾಯ್ಡ್ ಸೇವಿಸಿದರೆಂದು ಕಂಡುಬಂದಿತು. ವಿದೇಶೀ ತರಬೇತುದಾರನು ತಂದುಕೊಟ್ಟ ಜಿನ್‌ಸೆಂಗ್ ಬೇರಿನ ಟಾನಿಕ್ಕಿನಲ್ಲಿ ಅದು ಬೆರೆತಿತ್ತೆಂಬುದು ಅವರ ಅಹವಾಲು. ವಿಚಾರಣಾ ಮಂಡಳಿಯು ಅದನ್ನು ಬಹುಮಟ್ಟಿಗೆ ಒಪ್ಪಿ, ಆ ಡಿಸೆಂಬರಿನಲ್ಲಿ ಒಂದು ವರ್ಷದ ನಿಷೇಧ ವಿಧಿಸಿತು. 2012ರಲ್ಲಿ ಕ್ರೀಡಾ ನ್ಯಾಯಮಂಡಳಿಯು ಅದನ್ನು ಎರಡು ವರ್ಷಗಳಿಗೆ ಏರಿಸಿತು. ಲಂಡನ್ ಒಲಿಂಪಿಕ್ಸ್ ಆಕೆಯಿಲ್ಲದೆಯೇ ಕಳೆಯಿತು.

“ಗುರು ಕೊಟ್ಟದ್ದನ್ನ ಶಿಷ್ಯೆ ತಗೊಂಡಳು. ತಪ್ಪು ಯಾರದು?” ಎಂದು ತಂಗಿ ಕೇಳಿದಳು. ನ್ಯಾಯವಾದ ಪ್ರಶ್ನೆಯೇ. ಆ ತರಬೇತುದಾರನನ್ನು ಕೆಲಸದಿಂದ ತೆಗೆದದ್ದುಂಟು. ಆದರೆ ಓಟಗಾರ್ತಿಯ ಪ್ರಾಯದ ಎರಡು ವರ್ಷಗಳನ್ನು ಹಿಂದಿರುಗಿ ಕೊಡುವವರಾರು?

ಆದರೂ ಈ ನಿಯಮವನ್ನು ಕ್ರೂರವೆಂದು ತಳ್ಳಿಹಾಕಲು ನನ್ನ ಮನಸ್ಸು ಒಪ್ಪದು. ತನ್ನ ಮೈಯೊಳಗೆ ಏನು ಹೊಕ್ಕರೂ ಅದಕ್ಕೆ ಸ್ಪರ್ಧಾಳುವೇ ಹೊಣೆ ಎಂಬುದು ಅದರ ಸಾರ. “ಯಾರೋ ಕೊಟ್ಟರು, ನಾನರಿಯೆ” ಎಂಬ ಮಾತೊಂದೇ ಸಾಕೆಂದಾದರೆ, ತಿಳಿದೇ ನುಂಗಿದವರೂ ನಾಳೆ ಅದೇ ಮಾತನ್ನಾಡುವರು. ಆಗ ಬರಿಯ ಗಂಜಿ, ರೊಟ್ಟಿ, ಬೆವರುಗಳ ಬಲದಿಂದ ಎರಡನೆಯವನಾದ ಹುಡುಗನಿಗೆ ನ್ಯಾಯವೆಲ್ಲಿ? ಆದುದರಿಂದ ನಿಯಮ ಬಿಗಿಯಾಗಿಯೇ ಇರಲಿ. ಆದರೆ ಕೊಡುವ ಕೈಗಳ ಮೇಲೂ ಅದು ಅಷ್ಟೇ ಬಿಗಿಯಾಗಿ ಎರಗಲಿ.

ಇಂದಿನ ವಿಧಿಯಂತೆ ಬೇಕೆಂದೇ ಸ್ಟೀರಾಯ್ಡ್ ಸೇವಿಸಿದವನಿಗೆ ನಾಲ್ಕು ವರ್ಷಗಳ ನಿಷೇಧ. ಹದಿನೇಳರ ಹುಡುಗನಿಗೆ ನಾಲ್ಕು ವರ್ಷವೆಂದರೆ ಎಷ್ಟು? ಕಾಯಿಲೆಗೆ ನಿಷಿದ್ಧ ಔಷಧವೇ ಬೇಕಾದರೆ ಮೊದಲೇ ಅನುಮತಿ ಪಡೆಯುವ ದಾರಿಯುಂಟು. ಚೀಟಿಯಿಲ್ಲದ ಡಬ್ಬಿಗೆ ಯಾವ ದಾರಿಯೂ ಇಲ್ಲ.

ಮನೆಯವರಾದ ನಾವು ಮಾಡಬೇಕಾದುದು ಇಷ್ಟೆ: ಮಗು ಪದಕ ತಂದಾಗ ಮೈಮರೆಯದಂತೆ, ಗುಳಿಗೆ ತಂದಾಗ ಮೌನವಾಗದಿರುವುದು. “ಯಾರು ಕೊಟ್ಟರು? ಒಳಗೇನಿದೆ? ವೈದ್ಯರನ್ನು ಕೇಳಿದೆಯಾ?” ಎಂಬ ಮೂರು ಪ್ರಶ್ನೆಗಳಿಗೆ ನಾವು ಕಾಸು ಖರ್ಚು ಮಾಡಬೇಕಾಗಿಲ್ಲ.

ನನ್ನ ಪುರಾಣ ಮುಗಿಯುವ ಹೊತ್ತಿಗೆ ಲೋಟದ ಹಾಲು ಆರಿ ಕೆನೆಗಟ್ಟಿತ್ತು. ಅಳಿಯ ಅದನ್ನು ಎತ್ತಿಕೊಂಡು ಹೋಗಿ ಬಚ್ಚಲಿಗೆ ಸುರಿದು ಬಂದ. ತಂಗಿ ಮಾತಾಡದೆ ಬೇರೆ ಹಾಲು ಕಾಯಲಿಟ್ಟಳು. ಹುಡುಗ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಮತ್ತೆ ಸೈಕಲ್ ಹೊರತೆಗೆದ.

“ಮತ್ತೆಲ್ಲಿಗೆ ಹೊಂಟೀಯೋ?” ಎಂದಳು ತಾಯಿ.

“ಆ ಅಣ್ಣಗೂ ಹೇಳಬೇಕಲ್ಲವ್ವಾ,” ಎಂದ. “ಅಂವಂದೂ ಬರೋ ತಿಂಗಳು ಪಂದ್ಯ ಐತಿ.”