ಹಳೆಯ ಆಕ್ಸಲ್ ವ್ಯಾಪಾರ: ಕಾರಿನ ಹೆಸರು ಸಾಲದು, ಅಳತೆಯೂ ಬೇಕು

ಅಮೆರಿಕದಲ್ಲಿ 1950ರಿಂದ 1970ರ ದಶಕದವರೆಗೆ ತಯಾರಾದ ಕಾರುಗಳ ಹಳೆಯ ಬಿಡಿಭಾಗಗಳಿಗೆ ಅಲ್ಲಿ ಇಂದಿಗೂ ಬೇಡಿಕೆಯಿದೆ. ಅವುಗಳಲ್ಲಿ ಗೊಂದಲಕ್ಕೆ ಸುಲಭವಾಗಿ ಎಡೆಗೊಡುವ ಸರಕೆಂದರೆ ಹಿಂಬದಿ ಆಕ್ಸಲ್. ಕಾರಿನ ಮಾದರಿ ಮತ್ತು ವರ್ಷವನ್ನಷ್ಟೇ ಹೇಳಿ ಅದನ್ನು ಮಾರುವುದು ಸರಿಯಾದ ವ್ಯಾಪಾರ ಕ್ರಮವಲ್ಲ ಎಂಬುದು ನಮ್ಮ ಅಭಿಪ್ರಾಯ. ಅರ್ಧ ಶತಮಾನದ ಓಡಾಟದಲ್ಲಿ ಮೂಲ ಆಕ್ಸಲ್ ಬದಲಾಗಿರುವ ಸಾಧ್ಯತೆ ಇದ್ದೇ ಇರುತ್ತದೆ. ದಾಖಲೆಪತ್ರಗಳು ಕಾರಿನವೇ ಹೊರತು ಆಕ್ಸಲಿನವಲ್ಲ.

ಹಿಂದಿನ ಕವರಿನ ಬೋಲ್ಟ್‌ಗಳನ್ನು ಎಣಿಸುವುದು ಗುರುತಿನ ಮೊದಲ ಹೆಜ್ಜೆ ಮಾತ್ರ. ಜನರಲ್ ಮೋಟಾರ್ಸ್‌ನ 10 ಬೋಲ್ಟ್ ಆಕ್ಸಲ್‌ಗಳಲ್ಲಿಯೇ ಕ್ರೌನ್ ವೀಲಿನ ವ್ಯಾಸ 7.5, 8.2 ಅಥವಾ 8.5 ಇಂಚು ಇರಬಹುದು. ಡಾನಾ 60 ಹಾಗೂ ಫೋರ್ಡ್‌ನ 8.8 ಇಂಚಿನ ಆಕ್ಸಲ್‌ಗಳ ಕವರಿಗೂ ಹತ್ತೇ ಬೋಲ್ಟ್. ಆದ್ದರಿಂದ ಕವರಿನ ಆಕಾರ, ಎರಕದ ಸಂಖ್ಯೆ ಮತ್ತು ಆಕ್ಸಲ್ ಕೊಳವೆಯ ಮೇಲಿನ ಅಚ್ಚುಗುರುತುಗಳನ್ನೂ ಪರಿಶೀಲಿಸುವುದು ಅತ್ಯಗತ್ಯ.

ಫೋರ್ಡ್‌ನ 8 ಮತ್ತು 9 ಇಂಚಿನ ಆಕ್ಸಲ್‌ಗಳಿಗೆ ಹಿಂದೆ ಬಿಚ್ಚುವ ಕವರೇ ಇಲ್ಲ. ಗೇರುಗಳ ಜೋಡಣೆ ಮುಂಭಾಗದಿಂದ ಹೊರಬರುತ್ತದೆ. ಇವೆರಡನ್ನು ಬೇರ್ಪಡಿಸಲು ಸರಳ ಉಪಾಯವಿದೆ. 8 ಇಂಚಿನದರಲ್ಲಿ ಎಲ್ಲ ನಟ್‌ಗಳಿಗೂ ಸಾಕೆಟ್ ನೇರವಾಗಿ ಹಿಡಿಯುತ್ತದೆ. 9 ಇಂಚಿನದರಲ್ಲಿ ಕೆಳಗಿನ ಎರಡು ನಟ್‌ಗಳಿಗೆ ಸ್ಪ್ಯಾನರ್ ಬೇಕು.

ಗೇರ್ ಅನುಪಾತವನ್ನು ಊಹಿಸುವ ಅಗತ್ಯವಿಲ್ಲ. ಕ್ರೌನ್ ವೀಲಿನಲ್ಲಿ 41 ಹಲ್ಲು, ಪಿನಿಯನ್‌ನಲ್ಲಿ 11 ಹಲ್ಲು ಇದ್ದರೆ ಅನುಪಾತ 3.73. ಗೇರನ್ನು ನ್ಯೂಟ್ರಲ್‌ನಲ್ಲಿಟ್ಟು, ಎರಡೂ ಹಿಂಗಾಲಿಗಳನ್ನು ನೆಲದಿಂದ ಎತ್ತಿ ಒಂದನ್ನು ತಿರುಗಿಸಿದಾಗ ಇನ್ನೊಂದು ಅದೇ ದಿಕ್ಕಿಗೆ ತಿರುಗಿದರೆ ಅದು ಲಿಮಿಟೆಡ್ ಸ್ಲಿಪ್ ಮಾದರಿ. ಆದರೆ ಒಳಗಿನ ಕ್ಲಚ್ ಪ್ಲೇಟುಗಳು ಸವೆದಿದ್ದರೆ ಈ ಪರೀಕ್ಷೆಯೂ ದಾರಿ ತಪ್ಪಿಸೀತು. ಆಗ ಬಿಚ್ಚಿ ನೋಡುವುದೇ ಖಚಿತ ಮಾರ್ಗ.

ಇಲ್ಲಿರುವುದು ಲಾಭನಷ್ಟದ ಪ್ರಶ್ನೆಯಷ್ಟೇ ಅಲ್ಲ. ಕೆಲವು ಆಕ್ಸಲ್‌ಗಳಲ್ಲಿ ಶಾಫ್ಟನ್ನು ಡಿಫರೆನ್ಷಿಯಲ್ ಒಳಗಿನ ಸಿ ಆಕಾರದ ಕ್ಲಿಪ್ ಹಿಡಿದಿಡುತ್ತದೆ. ಅಂಥ ಶಾಫ್ಟ್ ತುಂಡಾದರೆ ಗಾಲಿಯೇ ಕಳಚಿ ಹೊರಬರುವ ಅಪಾಯವಿದೆ. ಹೆಚ್ಚು ಶಕ್ತಿಯ ಎಂಜಿನ್ ಅಳವಡಿಸುವ ಗ್ರಾಹಕನಿಗೆ ಈ ವ್ಯತ್ಯಾಸ ಮೊದಲೇ ತಿಳಿದಿರಬೇಕು.

ಆಕ್ಸಲ್ ಭಾರದ ಸರಕು. ತಪ್ಪು ಮಾಲು ಹಿಂದಿರುಗಿದರೆ ಸಾಗಣೆ ವೆಚ್ಚವೇ ಲಾಭವನ್ನು ನುಂಗುತ್ತದೆ. ಬೋಲ್ಟ್ ಎಣಿಕೆ, ಎರಕದ ಸಂಖ್ಯೆ, ಕ್ರೌನ್ ವೀಲಿನ ವ್ಯಾಸ, ಗೇರ್ ಅನುಪಾತ ಮತ್ತು ಶಾಫ್ಟ್ ಹಿಡಿತದ ವಿಧಾನ, ಈ ಐದು ವಿವರಗಳನ್ನು ಬಿಲ್ಲಿನಲ್ಲಿಯೇ ನಮೂದಿಸುವ ಪದ್ಧತಿ ಬಂದಲ್ಲಿ ಮಾರುವವನಿಗೂ ಕೊಳ್ಳುವವನಿಗೂ ಹಿತ. ಹಳೆಯ ಮಾಲಿನ ವ್ಯಾಪಾರದಲ್ಲಿ ನಂಬಿಕೆಯೇ ಬಂಡವಾಳ. ಅಳೆದು ಬರೆದುಕೊಟ್ಟ ವಿವರವೇ ಅದಕ್ಕೆ ಭದ್ರತೆ.