ಅಚ್ಚಿನ ಬೂಟು: ತೊಡುವುದಕ್ಕೋ, ತೆಗೆದಿಡುವುದಕ್ಕೋ?

ಬಾಸ್ಕೆಟ್‌ಬಾಲ್ ಆಟವು 1891ರ ಡಿಸೆಂಬರ್ ತಿಂಗಳಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ನಗರದಲ್ಲಿ ಜೇಮ್ಸ್ ನೈಸ್ಮಿತ್ ಎಂಬ ವ್ಯಾಯಾಮ ಶಿಕ್ಷಕರಿಂದ ಹುಟ್ಟಿತೆಂಬುದು ಕ್ರೀಡಾಸಕ್ತರಾದ ವಿದ್ಯಾರ್ಥಿಗಳು ಬಲ್ಲ ಸಂಗತಿ. ಆ ಆಟದ ಚೆಂಡನ್ನು ಕುರಿತು, ನಿಯಮಗಳನ್ನು ಕುರಿತು, ಹೆಸರಾಂತ ಆಟಗಾರರನ್ನು ಕುರಿತು ಬರೆದವರು ಬಹಳ ಮಂದಿ. ಆದರೆ ಆಟಗಾರನ ದೇಹಭಾರವನ್ನೆಲ್ಲ ಹೊತ್ತು, ಅವನು ನೆಗೆದು ಇಳಿಯುವಾಗ ನೆಲದ ಮೊದಲ ಪೆಟ್ಟನ್ನು ತಾನು ತಿನ್ನುವ ಬೂಟನ್ನು ಕುರಿತು ವಿಚಾರ ಮಾಡಿದವರು ವಿರಳ. ವಿಚಾರ ಮಾಡಿದವರಲ್ಲಿಯೂ ಹೆಚ್ಚಿನವರು ಅದರ ಬಣ್ಣವನ್ನೂ ಬೆಲೆಯನ್ನೂ ವರ್ಣಿಸಿ ಸುಮ್ಮನಾಗುತ್ತಾರೆ. ಇದರ ಫಲವಾಗಿ, ಫೋಮನ್ನು ಅಚ್ಚಿಗೆ ಹೊಯ್ದು ಮಾಡಿದ ಬೂಟಿನ ವಿಷಯದಲ್ಲಿ ಎರಡು ತಪ್ಪುಗಳು ತರುಣರಲ್ಲಿ ಬೇರೂರಿವೆ. ಹೊಸ ಬೂಟನ್ನು ಒಂದೇ ದಿನದಲ್ಲಿ ಕಾಲಿಗೆ ಒಗ್ಗಿಸಬೇಕೆಂಬ ಆತುರ ಒಂದು. ಒಗ್ಗಿಸುವ ಗೋಜಿಗೇ ಹೋಗದೆ ಪೆಟ್ಟಿಗೆಯಲ್ಲಿಟ್ಟರೆ ಅದು ಹೊಸದಾಗಿಯೇ ಉಳಿಯುವುದೆಂಬ ನಂಬಿಕೆ ಇನ್ನೊಂದು. ಮೊದಲನೆಯದರಿಂದ ಕೆಡುವುದು ಕಾಲು. ಎರಡನೆಯದರಿಂದ ಕೆಡುವುದು ಬೂಟು.

ಈ ಬಗೆಯ ಬೂಟು ಹೊಸದಾಗಿ ಬಂದುದರ ಹಿನ್ನೆಲೆಯನ್ನು ಸ್ವಲ್ಪ ತಿಳಿಯುವುದು ಅವಶ್ಯ. 1917ರಲ್ಲಿ ಹೊರಬಂದ ಕಾನ್ವರ್ಸ್ ಕಂಪನಿಯ ಬೂಟು ಕ್ಯಾನ್ವಾಸಿನ ಮೈ, ರಬ್ಬರಿನ ತಳ ಉಳ್ಳದ್ದಾಗಿ ಅನೇಕ ದಶಕಗಳ ಕಾಲ ಅಂಗಳವನ್ನಾಳಿತು. ಬಳಿಕ ತೊಗಲಿನ ಬೂಟುಗಳ ಕಾಲ ಬಂದಿತು. ಕ್ಯಾನ್ವಾಸಾಗಲಿ ತೊಗಲಾಗಲಿ, ತುಂಡುಗಳನ್ನು ಕತ್ತರಿಸಿ ಹೊಲಿದು ಮಾಡುವ ಪದ್ಧತಿ ಮಾತ್ರ ಬದಲಾಗಲಿಲ್ಲ. 1997ರಲ್ಲಿ ನೈಕಿ ಕಂಪನಿಯು ‘ಏರ್ ಫೋಮ್‌ಪೋಸಿಟ್ ಒನ್’ ಎಂಬ ಬೂಟನ್ನು ಮಾರುಕಟ್ಟೆಗೆ ತಂದಾಗ ಆ ಪದ್ಧತಿಗೇ ವಿನಾಯಿತಿ ದೊರೆಯಿತು. ಎರಿಕ್ ಅವಾರ್ ಎಂಬ ವಿನ್ಯಾಸಕಾರರು ರೂಪಿಸಿದ ಈ ಬೂಟಿನ ಮೈಯನ್ನು ದ್ರವರೂಪದ ಪಾಲಿಯುರಿಥೇನನ್ನು ಅಚ್ಚಿಗೆ ಹೊಯ್ದು ಎರಕ ಮಾಡಲಾಗಿತ್ತು. ಅಂಥ ಅಚ್ಚನ್ನು ಮಾಡಲು ದಕ್ಷಿಣ ಕೊರಿಯಾದ ದೇವೂ ಸಂಸ್ಥೆಯ ನೆರವು ಬೇಕಾಯಿತು. ಬೂಟಿನ ಬೆಲೆ 180 ಡಾಲರು. ಆ ಕಾಲಕ್ಕೆ ಅದು ಸಾಮಾನ್ಯರ ಕೈಗೆಟುಕುವ ಮೊತ್ತವಲ್ಲ. ಒರ್ಲ್ಯಾಂಡೋ ಮ್ಯಾಜಿಕ್ ತಂಡದ ಪೆನಿ ಹಾರ್ಡವೇ ಇದನ್ನು ತೊಟ್ಟರು. ಅದೇ ವರ್ಷ ಅರಿಜೋನಾ ವಿಶ್ವವಿದ್ಯಾಲಯವು ರಾಷ್ಟ್ರೀಯ ಕಾಲೇಜು ಪಂದ್ಯಾವಳಿಯನ್ನು ಗೆದ್ದಾಗ ತರುಣ ಮೈಕ್ ಬಿಬ್ಬಿಯ ಕಾಲಿನಲ್ಲಿಯೂ ಇದೇ ಇತ್ತು. ಜೀರುಂಡೆಯ ಬೆನ್ನಿನಂತೆ ಮಿರುಗುವ ಇದರ ನೀಲಿ ಚಿಪ್ಪನ್ನು ಕಂಡು ಮೆಚ್ಚಿದವರೆಷ್ಟೋ ನಕ್ಕವರೂ ಅಷ್ಟೇ ಇರಬೇಕು.

ಹೊಲಿಗೆಯ ಬೂಟಿಗೂ ಎರಕದ ಬೂಟಿಗೂ ಸ್ವಭಾವಭೇದವುಂಟು. ಹೊಸ ಮೆಟ್ಟು ಕಚ್ಚುತ್ತದೆಂಬುದು ನಮ್ಮ ನಾಡಿನ ಅಜ್ಜಂದಿರೂ ಬಲ್ಲ ಮಾತು. ಅಥಣಿಯ ಕಡೆಯ ತೊಗಲ ಚಪ್ಪಲಿಗೆ ಎಣ್ಣೆ ಸವರಿ, ನಾಲ್ಕು ದಿನ ಮನೆಯಂಗಳದಲ್ಲಿ ಮೆಟ್ಟಿ ಹದಕ್ಕೆ ತರುವ ರೂಢಿ ಹಳೆಯದು. ತೊಗಲು ಎಣ್ಣೆಯನ್ನು ಕುಡಿಯುತ್ತದೆ, ಮೆತ್ತಗಾಗುತ್ತದೆ, ಹಿಗ್ಗುತ್ತದೆ. ಅಚ್ಚಿನ ಫೋಮು ಎಣ್ಣೆಯನ್ನು ಕುಡಿಯುವುದಿಲ್ಲ. ಸವರಿದ ಎಣ್ಣೆ ಅಂಟನ್ನು ಕೆಡಿಸೀತೇ ಹೊರತು ಚಿಪ್ಪನ್ನು ಮೃದುಗೊಳಿಸದು. ಅದು ಒಗ್ಗುವುದು ಕಾಲಿನದೇ ಬಿಸುಪಿಗೆ. ತೊಟ್ಟು ನಡೆದಾಡಿದಂತೆ ಒಳಗಿನ ಶಾಖಕ್ಕೆ ಚಿಪ್ಪು ತುಸು ಬಳುಕಿ, ಪಾದದ ಉಬ್ಬುತಗ್ಗುಗಳನ್ನು ಅನುಸರಿಸತೊಡಗುತ್ತದೆ. ಚಳಿಗಾಲದ ಮುಂಜಾನೆ ಹಲಗೆಯಂತಿರುವ ಬೂಟು ಅರ್ಧ ಗಂಟೆಯ ಅಭ್ಯಾಸದ ಅನಂತರ ಬೇರೆಯೇ ಆಗಿರುವುದು ಇದರಿಂದಲೇ.

ಆದುದರಿಂದ ಇಲ್ಲಿ ತಾಳ್ಮೆಗೆ ಬದಲಿಯಾದ ಉಪಾಯವಿಲ್ಲ. ಇಂಥ ಬೂಟಿನ ಬಾಯಿ ಬಹಳ ಇಕ್ಕಟ್ಟು. ಲಾಡಿಯನ್ನು ಕೆಳಗಿನ ಕಣ್ಣುಗಳವರೆಗೂ ಸಡಿಲಿಸಿ, ನಾಲಿಗೆಯನ್ನು ಮುಂದಕ್ಕೆಳೆದು ಕಾಲಿಡಬೇಕೇ ಹೊರತು ಹಿಮ್ಮಡಿಯನ್ನು ತುಳಿದು ತುರುಕಬಾರದು. ಮೊದಲ ಕೆಲವು ದಿನ ದಪ್ಪ ಕಾಲುಚೀಲದೊಡನೆ ಮನೆಯೊಳಗೆ ಅರ್ಧ ಗಂಟೆ, ಮುಕ್ಕಾಲು ಗಂಟೆ ನಡೆದರೆ ಸಾಕು. ಅನಂತರ ಲಘುವಾದ ಓಟ, ಬುಟ್ಟಿಗೆ ಚೆಂಡೆಸೆಯುವ ಅಭ್ಯಾಸ. ಪಂದ್ಯಕ್ಕೆ ಹೊಸ ಬೂಟು ತೊಡುವವನು ಎದುರಾಳಿ ತಂಡಕ್ಕೆ ಒಬ್ಬ ಆಟಗಾರನನ್ನು ಹೆಚ್ಚಾಗಿ ಕೊಟ್ಟಂತೆಯೇ ಸರಿ. ಕೂದಲೊಣಗಿಸುವ ಯಂತ್ರದ ಬಿಸಿಗಾಳಿಯನ್ನು ಹಾಯಿಸಿ ಚಿಪ್ಪನ್ನು ಮೆತ್ತಗೆ ಮಾಡುವ ಉಪಾಯವನ್ನು ಕೆಲವರು ಹೇಳಿಕೊಡುತ್ತಾರೆ. ಆ ಬಿಸಿಗೆ ಚಿಪ್ಪಿಗಿಂತ ಮುಂಚೆ ಸಡಿಲುವುದು ತಳವನ್ನು ಹಿಡಿದ ಅಂಟು ಎಂಬುದನ್ನು ಅವರು ಹೇಳುವುದಿಲ್ಲ. ಇನ್ನು, ವಾರ ಕಳೆದರೂ ಬೆರಳ ತುದಿ ನೋಯುತ್ತಿದ್ದರೆ ತಪ್ಪು ಒಗ್ಗದಿರುವುದರಲ್ಲಿಲ್ಲ, ಅಳತೆಯಲ್ಲಿದೆ. ಎರಕದ ಚಿಪ್ಪು ಪಾದಕ್ಕೆ ಅನುಗುಣವಾಗಿ ಬಾಗುತ್ತದೆ. ತೊಗಲಿನಂತೆ ಉದ್ದಕ್ಕೆ ಹಿಗ್ಗುವುದಿಲ್ಲ.

ಕಾಲಿಗೂ ಬೂಟಿಗೂ ಹೊಂದಿಕೆ ತಪ್ಪಿದರೆ ಎಂಥ ಮಹಾನ್ ಆಟಗಾರನೂ ಅದರ ಬೆಲೆ ತೆರಲೇಬೇಕು. 1998ರ ಮಾರ್ಚ್ 8ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ಮೈಕೆಲ್ ಜೋರ್ಡನ್ ತಮ್ಮ ವೃತ್ತಿಜೀವನದ ಆರಂಭಕಾಲದ ಬೂಟುಗಳನ್ನು, ಹಳೆಯ ನೆನಪಿಗೆಂದು, ತೊಟ್ಟು ಆಡಿದರು. ಅವು ತೊಗಲಿನವು, ಅಚ್ಚಿನವಲ್ಲ. 42 ಅಂಕಗಳನ್ನೇನೋ ಗಳಿಸಿದರು; ಆದರೆ ಬೂಟು ಕಳಚಿದಾಗ ಕಾಲುಚೀಲ ರಕ್ತದಿಂದ ತೊಯ್ದಿತ್ತೆಂದು 2020ರ ಸಾಕ್ಷ್ಯಚಿತ್ರದಲ್ಲಿ ಅವರೇ ಹೇಳಿಕೊಂಡಿದ್ದಾರೆ. ಹದಿಮೂರು ವರ್ಷ ಜೋಪಾನವಾಗಿದ್ದ ಬೂಟು ಆ ಪಾದವನ್ನು ಗುರುತಿಸಲಿಲ್ಲ.

ಇರಲಿ. ಒಗ್ಗಿದ ಬೂಟನ್ನು ದಿನನಿತ್ಯ ಇಟ್ಟುಕೊಳ್ಳುವ ಕ್ರಮವೂ ವಿಚಾರಾರ್ಹವೇ. ಅಚ್ಚಿನ ಚಿಪ್ಪಿಗೆ ಬಟ್ಟೆಗಿರುವಂತೆ ರಂಧ್ರಗಳಿಲ್ಲ, ಗಾಳಿ ಆಡುವುದಿಲ್ಲ. ಆಟದ ಬೆವರೆಲ್ಲ ಒಳಗೇ ಉಳಿಯುತ್ತದೆ. ಆಟ ಮುಗಿದೊಡನೆ ಚೀಲಕ್ಕೆ ತುರುಕಿ ಮರುದಿನ ತೆಗೆಯುವವನ ಬೂಟಿನ ವಾಸನೆಯನ್ನು ವರ್ಣಿಸುವ ಅಗತ್ಯವಿಲ್ಲ. ಅವನ ಕೊಠಡಿಯ ಸಹವಾಸಿಗಳು ಬಲ್ಲರು. ಒಳಗಿನ ಅಡಿಹಾಸನ್ನು ಹೊರತೆಗೆದು, ಹಳೆಯ ವೃತ್ತಪತ್ರಿಕೆಯ ಕಾಗದವನ್ನು ಮುದ್ದೆಮಾಡಿ ತುಂಬಿ, ನೆರಳಿನಲ್ಲಿ ಗಾಳಿಗಿಡಬೇಕು. ಬಿಸಿಲಿಗಿಡುವುದು ಸಲ್ಲದು, ಒಲೆಯ ಮಗ್ಗುಲಿಗಿಡುವುದಂತೂ ಸರ್ವಥಾ ಸಲ್ಲದು. ಹೊರಮೈಯ ಕೊಳೆಗೆ ಒದ್ದೆ ಬಟ್ಟೆ, ತುಸು ಸಾಬೂನು ಸಾಕು.

ಈಗ ತೆಗೆದಿಡುವವರ ವಿಷಯ. ಪೆಟ್ಟಿಗೆಯಲ್ಲಿ ಮುಟ್ಟದೆ ಇಟ್ಟ ವಸ್ತು ಸವೆಯುವುದಿಲ್ಲವೆಂಬುದು ಕಂಚಿನ ಪಾತ್ರೆಗೆ ಸಲ್ಲುವ ತರ್ಕ. ಪಾಲಿಯುರಿಥೇನಿಗೆ ಅದು ಸಲ್ಲದು. ಬೂಟಿನ ತಳಗಳಿಗೆ ಬಳಸುವ ಪಾಲಿಯುರಿಥೇನಿನಲ್ಲಿ ಎಸ್ಟರ್ ಎಂಬ ರಾಸಾಯನಿಕ ಬಂಧಗಳುಳ್ಳ ಜಾತಿ ಬಹಳ ಪ್ರಚಾರದಲ್ಲಿದೆ. ಆಮ್ಲವೂ ಮದ್ಯಸಾರವೂ ಕೂಡಿ, ನೀರನ್ನು ಹೊರಹಾಕಿ ಈ ಬಂಧ ಏರ್ಪಟ್ಟಿರುತ್ತದೆ. ಗಾಳಿಯಲ್ಲಿನ ತೇವ ಒಳಹೊಕ್ಕರೆ ಅದೇ ಕ್ರಿಯೆ ಹಿಮ್ಮುಖವಾಗಿ ನಡೆದು ಬಂಧ ಕಡಿಯುತ್ತದೆ. ಇದಕ್ಕೆ ಜಲವಿಭಜನೆ ಎಂದು ಹೆಸರು. ಹಾಗೆ ಕಡಿದಾಗ ಹುಟ್ಟುವ ಆಮ್ಲವು ಪಕ್ಕದ ಬಂಧಗಳ ನಾಶಕ್ಕೂ ಇಂಬುಕೊಡುವುದರಿಂದ ಕ್ರಿಯೆ ನಿಧಾನವಾಗಿ ಆರಂಭವಾಗಿ ಬರಬರುತ್ತ ವೇಗ ಪಡೆಯುತ್ತದೆ. ಬೂಟು ಕಾರ್ಖಾನೆಯಿಂದ ಹೊರಬಿದ್ದ ದಿನವೇ ಈ ಗಡಿಯಾರ ನಡೆಯತೊಡಗುತ್ತದೆ. ಪೆಟ್ಟಿಗೆಯ ಮುಚ್ಚಳ ಅದನ್ನು ನಿಲ್ಲಿಸದು. 1980ರ ದಶಕದ ಕೊನೆಯಲ್ಲಿ ಬಂದ ಪಾಲಿಯುರಿಥೇನ್ ತಳದ ಹೆಸರಾಂತ ಬೂಟುಗಳನ್ನು ಒಂದು ದಿನವೂ ತೊಡದೆ ಕಾಪಾಡಿದವರು, ಕೊನೆಗೊಮ್ಮೆ ಆಸೆಪಟ್ಟು ತೊಟ್ಟು ನಾಲ್ಕು ಹೆಜ್ಜೆ ನಡೆದಾಗ ತಳವು ರೊಟ್ಟಿಯ ಪುಡಿಯಂತೆ ಉದುರಿದುದನ್ನು ಕಂಡಿದ್ದಾರೆ. ಅಚ್ಚಿನ ಬೂಟಿನಲ್ಲಿ ಚಿಪ್ಪು ಗಟ್ಟಿಯಾಗಿ ಉಳಿದಿದ್ದರೂ ಅಂಟು ಸತ್ವಹೀನವಾಗಿ ತಳವೇ ಕಳಚಿ ಬೀಳುವುದುಂಟು. ಪಾರದರ್ಶಕವಾದ ತಳವು ಗಾಳಿ ಬೆಳಕುಗಳಿಗೆ ಹಳದಿಗಟ್ಟುವುದು ಇದರ ಮೇಲಿನ ಮಾತು.

ಇದು ಕೇವಲ ಅಮೆರಿಕದ ಶ್ರೀಮಂತರ ಕಷ್ಟವೆಂದು ಕೈಬಿಡುವಂತಿಲ್ಲ. ಮಳೆಗಾಲದಲ್ಲಿ ಗಾಳಿಯ ತೇವಾಂಶ ಶೇಕಡಾ 80ನ್ನು ಮೀರುವ ಮಂಗಳೂರು, ಕಾರವಾರಗಳ ಮನೆಗಳಲ್ಲಿ ಮದುವೆಗೆಂದು ಕೊಂಡು ಕಪಾಟಿನಲ್ಲಿಟ್ಟ ಬೂಟಿನ ತಳ ಎರಡು ಮೂರು ವರ್ಷಗಳ ಬಳಿಕ ಮತ್ತೊಂದು ಮದುವೆಯ ಚಪ್ಪರದಲ್ಲಿಯೇ ಬಿರಿದು ಚೂರಾದರೆ, ಮೋಸ ಹೋದೆನೆಂದು ಅಂಗಡಿಯವನನ್ನು ಬಯ್ಯುವವರುಂಟು. ಅನೇಕ ವೇಳೆ ಅಪರಾಧಿ ಅಂಗಡಿಯವನಲ್ಲ, ಕಪಾಟಿನೊಳಗಿನ ತೇವ.

ಹಾಗಾದರೆ ಇಡುವ ಕ್ರಮವೇ ಇಲ್ಲವೇ? ಇದೆ, ಅದು ನಾಶವನ್ನು ತಡೆಯುವ ಕ್ರಮವಲ್ಲ, ತಡಮಾಡಿಸುವ ಕ್ರಮ. ತಂಪು, ಒಣಗಾಳಿ, ಕತ್ತಲೆ ಇವು ಮೂರೇ ಅದರ ಸೂತ್ರಗಳು. ಹೆಂಚಿನ ಕೆಳಗಿನ ಅಟ್ಟ, ಸ್ನಾನದ ಮನೆಯ ಗೋಡೆಗೆ ಒತ್ತಿದ ಕಪಾಟು, ಮೋಟಾರಿನ ಹಿಂಗೂಡು ಇವೆಲ್ಲ ವರ್ಜ್ಯ. ಬೆವರಿನ ತೇವ ಪೂರ್ತಿ ಆರಿದ ಮೇಲೆಯೇ ಒಳಗಿಡಬೇಕು. ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣವನ್ನು ಜೊತೆಗಿಟ್ಟು, ಅದನ್ನು ಕಾಲಕಾಲಕ್ಕೆ ಬದಲಾಯಿಸುವುದು ಯುಕ್ತ. ವರ್ಷಗಟ್ಟಲೆ ಹಾಗೆಯೇ ಬಿಟ್ಟ ಪೊಟ್ಟಣದಿಂದ ಯಾವ ಉಪಕಾರವೂ ಇಲ್ಲ. ಪ್ಲಾಸ್ಟಿಕ್ ಹಾಳೆಯಲ್ಲಿ ಬಿಗಿಯಾಗಿ ಸುತ್ತಿಡುವ ಪದ್ಧತಿಯೊಂದು ಹಬ್ಬಿದೆ. ಸುತ್ತುವಾಗ ಒಳಗಿದ್ದ ತೇವವನ್ನೂ ಅದು ಜೊತೆಗೇ ಬಂಧಿಸಿಡುತ್ತದೆಂಬುದನ್ನು ಮರೆಯಬಾರದು. ಬೂಟುಗಳನ್ನು ಒಂದರ ಮೇಲೊಂದು ಪೇರಿಸಿ ಆಕಾರಗೆಡಿಸುವುದೂ ತರವಲ್ಲ.

ಇಷ್ಟೆಲ್ಲ ತಿಳಿದ ಮೇಲೂ ತೊಡದೆ ಕೂಡಿಡುವ ಹಂಬಲ ತಗ್ಗಿಲ್ಲ. 2012ರ ಫೆಬ್ರವರಿಯಲ್ಲಿ ಇದೇ ಫೋಮ್‌ಪೋಸಿಟ್ ಬೂಟಿನ ‘ಗ್ಯಾಲಕ್ಸಿ’ ಎಂಬ ಬಣ್ಣವು 220 ಡಾಲರಿಗೆ ಮಾರಾಟವಾಗಲಿದೆಯೆಂಬ ಸುದ್ದಿಗೆ ಫ್ಲಾರಿಡಾದ ಒರ್ಲ್ಯಾಂಡೋ ನಗರದ ಮಳಿಗೆಯೊಂದರ ಮುಂದೆ ನೆರೆದ ಜನಸಂದಣಿಯನ್ನು ಚದುರಿಸಲು ಗಲಭೆ ನಿಗ್ರಹದ ಪೊಲೀಸರೇ ಬರಬೇಕಾಯಿತು. ಅಂದು ನೂಕಾಡಿದವರಲ್ಲಿ ಎಷ್ಟು ಮಂದಿ ಅದನ್ನು ತೊಟ್ಟು ಆಡುವವರಿದ್ದರು? ಬಹುಪಾಲು ಮರುಮಾರಾಟದ ಲಾಭವೇ ಕಣ್ಣಮುಂದಿತ್ತೆನ್ನಬೇಕು. 2023ರ ಏಪ್ರಿಲಿನಲ್ಲಿ ಜೋರ್ಡನ್ 1998ರ ಫೈನಲ್ ಪಂದ್ಯವೊಂದರಲ್ಲಿ ತೊಟ್ಟ ಬೂಟುಗಳು ಹರಾಜಿನಲ್ಲಿ 22 ಲಕ್ಷ ಡಾಲರಿಗೂ ಮೀರಿದ ಬೆಲೆ ಪಡೆದುದನ್ನು ಇಂಥವರು ಉದಾಹರಿಸುತ್ತಾರೆ. ಆ ಬೂಟಿಗೆ ಬೆಲೆ ಬಂದುದು ಅದನ್ನು ಒಬ್ಬನು ತೊಟ್ಟು ಆಡಿದ್ದರಿಂದ ಎಂಬ ಅಂಶ ಮಾತ್ರ ಅವರಿಗೆ ಹೊಳೆಯದಿರುವುದು ವಿಚಿತ್ರ! ವಸ್ತುಸಂಗ್ರಹಾಲಯಗಳ ಮಾತು ಬೇರೆ. ಟೊರಾಂಟೋದ ಬಾಟಾ ಪಾದರಕ್ಷೆ ಸಂಗ್ರಹಾಲಯವು 2013ರಲ್ಲಿ ಆಟದ ಬೂಟುಗಳ ಚರಿತ್ರೆಯನ್ನೇ ಪ್ರದರ್ಶನಕ್ಕಿಟ್ಟಿತು. ಹಾಗೆ ಕಾಪಿಡಲು ಉಷ್ಣತೆ, ತೇವ, ಬೆಳಕುಗಳನ್ನು ಹದ್ದಿನಲ್ಲಿಡಬಲ್ಲ ಕಟ್ಟಡವೂ ಬಲ್ಲವರ ಆರೈಕೆಯೂ ಬೇಕು. ಮಂಚದ ಕೆಳಗಿನ ರಟ್ಟಿನ ಪೆಟ್ಟಿಗೆಗೆ ಆ ಯೋಗ್ಯತೆ ಬಾರದು.

ತೊಟ್ಟ ಮಾತ್ರಕ್ಕೆ ಜಲವಿಭಜನೆ ನಿಲ್ಲುವುದೆಂದು ಹೇಳುವುದು ಅತಿಶಯೋಕ್ತಿಯಾದೀತು. ತೊಡುವವನ ಬೂಟೂ ಮುಪ್ಪಾಗುತ್ತದೆ. ಆದರೆ ಅದರ ಮುಪ್ಪು ಅವನ ಕಾಲಿಗೆ ದಿನದಿನವೂ ತಿಳಿಯುತ್ತಿರುತ್ತದೆ. ಪೆಟ್ಟಿಗೆಯಲ್ಲಿಟ್ಟದ್ದರ ಮುಪ್ಪು ಯಾರಿಗೂ ಕಾಣದು. ಹೊಳೆಯುವ ಹೊರಮೈಯನ್ನು ನಂಬಿ, ಹತ್ತು ಹದಿನೈದು ವರ್ಷ ತೆಗೆದಿಟ್ಟ ಬೂಟನ್ನು ತಮ್ಮನಿಗೋ ಮಗನಿಗೋ ಕೊಟ್ಟು ಅಂಗಳಕ್ಕಿಳಿಸುವುದು ನಿಜವಾದ ಅಪಾಯ. ನೆಗೆದಿಳಿಯುವ ಗಳಿಗೆಯಲ್ಲಿ ತಳ ಕಳಚಿದರೆ ಹೊರಳುವುದು ಹುಡುಗನ ಹರಡು. ಅಂಥ ಬೂಟು ಕೈಗೆ ಬಂದಾಗ ಮೊದಲು ಒಳಗಿನ ಸಣ್ಣ ಚೀಟಿಯಲ್ಲಿ ತಯಾರಿಕೆಯ ದಿನಾಂಕವನ್ನು ನೋಡಬೇಕು. ಅನಂತರ ತಳದ ಫೋಮು ಕಾಣುವ ಎಡೆಯಲ್ಲಿ ಹೆಬ್ಬೆರಳಿನಿಂದ ಬಲವಾಗಿ ಒತ್ತಬೇಕು. ಒತ್ತಿದ ಕುಳಿ ಮೇಲೇಳದಿದ್ದರೆ, ಬೆರಳಿಗೆ ಜಿಗುಟೋ ಪುಡಿಯೋ ಹತ್ತಿದರೆ, ಅಂಚಿನಲ್ಲಿ ಅಂಟು ಬಿಟ್ಟ ಗೆರೆ ಕಂಡರೆ, ಅದನ್ನು ಗೋಡೆಯ ಗೂಡಿನಲ್ಲಿಟ್ಟು ನೋಡಬಹುದು, ಅಂಗಳಕ್ಕೆ ಒಯ್ಯಕೂಡದು.